ಆದಿಮುದ್ರಿತ ಗ್ರಂಥಗಳೂ ಒಡೆತನದ ಕುರುಹುಗಳೂ

ಯೂರೋಪಿನಲ್ಲಿ ಕ್ರಿ.ಶ. 1501ಕ್ಕೆ ಮುಂಚೆ ಅಚ್ಚಾದ ಗ್ರಂಥಗಳನ್ನು ವಿದ್ವಾಂಸರು ‘ಇನ್‌ಕ್ಯುನಾಬುಲ’ ಎಂದು ಕರೆಯುತ್ತಾರೆ. ಒಂದೇ ಮುದ್ರಣದ ಪ್ರತಿಗಳೆಲ್ಲ ಸಮಾನವೆಂಬುದು ರೂಢಿಯ ತಿಳಿವಳಿಕೆ. ಇದು ಅರ್ಧಸತ್ಯ ಮಾತ್ರ. ಪಾಠ ಒಂದೇ ಆದರೂ ಪ್ರತಿಯೊಂದು ಪ್ರತಿಯ ಚರಿತ್ರೆ ಬೇರೆ. ರಟ್ಟಿನ ಒಳಬದಿಗೆ ಅಂಟಿಸಿದ ಒಡೆಯನ ಚೀಟಿ, ಅಂಚಿನ ಟಿಪ್ಪಣಿ, ಗ್ರಂಥಾಲಯದ ಮುದ್ರೆ, ಹಳೆಯ ಕಟ್ಟು ಇವೇ ಆ ಚರಿತ್ರೆಗೆ ಆಧಾರ.

ಸುಮಾರು 1455ರಲ್ಲಿ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲಿನ 49 ಪ್ರತಿಗಳು ಇಂದು ಉಳಿದಿವೆ. ಅವುಗಳಲ್ಲೊಂದರ ತಿಳಿದ ಒಡೆತನ 19ನೆಯ ಶತಮಾನದ ಗಾಸ್‌ಫರ್ಡ್ ಅರ್ಲ್‌ನಿಂದ ತೊಡಗುತ್ತದೆ. ಲಾರ್ಡ್ ಆಮ್ಹರ್ಸ್ಟ್, ಡೈಸನ್ ಪೆರಿನ್ಸ್ ಮೊದಲಾದವರ ಕೈದಾಟಿ ಅದು 1950ರಲ್ಲಿ ಅಮೆರಿಕದ ಎಸ್ಟೆಲ್ ಡೊಹೆನಿಯವರ ಸಂಗ್ರಹ ಸೇರಿತು. 1987ರ ಹರಾಜಿನಲ್ಲಿ ಜಪಾನಿನ ಮಾರುಜೆನ್ ಸಂಸ್ಥೆಗೆ ಸಂದು, 1996ರಲ್ಲಿ ಕೀಯೊ ವಿಶ್ವವಿದ್ಯಾನಿಲಯಕ್ಕೆ ಬಂದಿತು. ಶ್ರೀಮಂತರ ಕೈಸೇರಿದ ಮೇಲಿನ ಕಥೆ ಸ್ಪಷ್ಟ. ಅದಕ್ಕೂ ಮುಂಚಿನ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲದ ಓದುಗರು ಮಾತ್ರ ಮರೆಯಾಗಿದ್ದಾರೆ.

ಇಂಥ ಮರೆವಿಗೆ ಕಾಲವೊಂದೇ ಕಾರಣವಲ್ಲ. 1803ರಲ್ಲಿ ಬವೇರಿಯದ ಕ್ರೈಸ್ತ ಮಠಗಳು ಮುಚ್ಚಿದಾಗ ಅವುಗಳ ಗ್ರಂಥಭಂಡಾರಗಳು ಚದುರಿದವು; ಮ್ಯೂನಿಚ್ಚಿನ ರಾಜಗ್ರಂಥಾಲಯದಲ್ಲಿ ಹೆಚ್ಚಾದ ಪ್ರತಿಗಳು ಮಾರಾಟವಾದವು. ಕೊಂಡ ಸಂಗ್ರಾಹಕರಲ್ಲಿ ಎಷ್ಟೋ ಮಂದಿ ಹಾಳೆಗಳನ್ನು ತೊಳೆಯಿಸಿ, ಹಳೆಯ ಕಟ್ಟನ್ನು ಕಿತ್ತು, ಹೊಸ ಚರ್ಮದ ಹೊದಿಕೆ ಹಾಕಿಸಿದರು. ಗ್ರಂಥ ಉಳಿಯಿತು, ಅದನ್ನು ಓದಿದವರ ಗುರುತು ಅಳಿಯಿತು.

ಇಂದು ಐರೋಪ್ಯ ಸಂಶೋಧನ ಗ್ರಂಥಾಲಯಗಳ ಒಕ್ಕೂಟವು ಪ್ರತಿಯೊಂದು ಪ್ರತಿಯ ಇಂಥ ಕುರುಹುಗಳನ್ನೂ ದಾಖಲಿಸುತ್ತಿದೆ. ಚದುರಿದ ಭಂಡಾರಗಳನ್ನು ಪುನಃ ಒಂದೆಡೆ ಕಾಣಲು ಈ ದಾಖಲೆಯೇ ದಾರಿ. ಆದುದರಿಂದ ಸಂಗ್ರಾಹಕನ ಯೋಗ್ಯತೆಯನ್ನು ಅವನು ತೆತ್ತ ಬೆಲೆಯಿಂದಲ್ಲ, ಹಿಂದಿನವರ ಕುರುಹನ್ನು ಅವನು ಉಳಿಸಿದ ಬಗೆಯಿಂದ ಅಳೆಯುವುದು ಯುಕ್ತ.