ಫಾಂಟಿನೊಳಗೆ ಸಿಕ್ಕಿಕೊಂಡ ಕನ್ನಡ

ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ ಬರೆಯುವಾಗ ನಮ್ಮ ವಿಮರ್ಶೆ ಒಂದು ಸಂಗತಿಯನ್ನು ಹವ್ಯಾಸಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತದೆ: ಮೀನು, ಹಕ್ಕಿ, ಕ್ಯಾಮೆರಾ, ಜೊತೆಗೆ ಕಂಪ್ಯೂಟರ್. ‘ಕರ್ವಾಲೊ’ ಬರೆದವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡದ್ದು, ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಬೆನ್ನಿಗೆ ನಿಂತದ್ದು ನನಗೆ ಹವ್ಯಾಸವಾಗಿ ಕಾಣುವುದಿಲ್ಲ. ಬರೆಯುವ ಉಪಕರಣ ಯಾರ ಕೈಯಲ್ಲಿದೆ ಎಂದು ಕೇಳಿದ ಕೆಲವೇ ಲೇಖಕರಲ್ಲಿ ಅವರೊಬ್ಬರು. ಆ ಪ್ರಶ್ನೆಯನ್ನು ನಾವು ಸಾಹಿತ್ಯದ ಪ್ರಶ್ನೆ ಎಂದು ಓದಲೇ ಇಲ್ಲ.

ಓದದೇ ಇದ್ದುದರಿಂದ ಆದದ್ದೇನು? ಹಳೆಯ ನುಡಿ ಕಡತವೊಂದನ್ನು ತೆಗೆದುಕೊಳ್ಳಿ. ತೆರೆಯ ಮೇಲೆ ‘ಕ’ ಕಾಣುತ್ತದೆ. ಯಂತ್ರದ ಪಾಲಿಗೆ ಅದು ರೋಮನ್ನಿನ ‘ಪಿ’, ಪಕ್ಕದಲ್ಲಿ ನೆತ್ತಿಯ ಮೇಲೆ ಗೆರೆ ಹೊತ್ತ ಒಂದು ‘ಎ’. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಇನ್ನೂ ವಿಚಿತ್ರವೆಂದರೆ ‘ಮ’ ಎಂಬ ಅಕ್ಷರವೇ ಅಲ್ಲಿಲ್ಲ. ‘ವ’ದ ಆಕಾರಕ್ಕೆ ಕೊಂಬು ಅಂಟಿಸಿದರೆ ಅದೇ ‘ಮ’. ಅಕಾರಾದಿ ಹಚ್ಚಿದರೆ ‘ಮನೆ’ ಹೋಗಿ ‘ವನ’ದ ಕೇರಿಯಲ್ಲಿ ಕೂರುತ್ತದೆ. ಪದಸೂಚಿ ಮಾಡಹೊರಟ ಸಂಶೋಧಕರಿಗೆ ಇದು ತಮಾಷೆಯ ಮಾತಲ್ಲ.

ನುಡಿಯನ್ನಾಗಲಿ ಬರಹವನ್ನಾಗಲಿ ಹಳಿಯುವುದು ಸುಲಭ, ಅನ್ಯಾಯವೂ ಹೌದು. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಮ್ಮ ಮೇಜಿನ ಯಂತ್ರಗಳಲ್ಲಿ ಅದು ಕೆಲಸ ಮಾಡಲು ಎಷ್ಟೋ ವರ್ಷ ಹಿಡಿಯಿತು. ಆ ನಡುವಿನ ಕಾಲದಲ್ಲಿ ಕನ್ನಡ ಪುಸ್ತಕಗಳನ್ನು ದಡ ಮುಟ್ಟಿಸಿದ್ದು ಇವೇ ತಂತ್ರಾಂಶಗಳು. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಕೂಡ ಇದೆ. ನನ್ನ ತಕರಾರು ಇರುವುದು ಆಮೇಲೂ ಹಳೆಯದರಲ್ಲೇ ಉಳಿದ ನಮ್ಮ ಆಯ್ಕೆಯ ಬಗ್ಗೆ.

ಉಳಿಯಲು ಕಾರಣ ಬರೀ ಸೋಮಾರಿತನವಲ್ಲ. ಡಿಟಿಪಿ ಅಂಗಡಿಗಳ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಅರ್ಥವಾಗುವುದಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ಗೆ ಈಗ ಕನ್ನಡ ಗೊತ್ತು, ಆದರೆ 2013ರಲ್ಲಿ ಅಡೋಬಿ ತನ್ನ ವಿನ್ಯಾಸ ತಂತ್ರಾಂಶಗಳನ್ನು ಚಂದಾ ಪದ್ಧತಿಗೆ ದಾಟಿಸಿತು. ದಿನಕ್ಕೆ ನಾಲ್ಕು ಲಗ್ನಪತ್ರಿಕೆ ಮಾಡುವವರು ತಿಂಗಳು ತಿಂಗಳು ಬಾಡಿಗೆ ಕಟ್ಟಿ ಲಿಪಿಸುಧಾರಣೆ ಮಾಡಲಿ ಎನ್ನುವುದು ಪಟ್ಟಣದ ಪಿಎಚ್‌ಡಿ ಮಾತು.

ನನ್ನ ಯಂತ್ರದಲ್ಲಿ ಲಿನಕ್ಸ್, ಲಿಬ್ರೆಆಫೀಸ್ ಇವೆ; ಕಗಪ ಕೀಲಿವಿನ್ಯಾಸ ಅಲ್ಲೂ ಸಿಗುತ್ತದೆ. ಸತ್ಯನಾರಾಯಣಪೇಟೆಯ ಕೋಣೆಯಲ್ಲಿ ಕೂತು ಬರೆದ ಲೇಖನವೊಂದನ್ನು ಸಂಶೋಧನ ಪತ್ರಿಕೆಯೊಂದು ‘ನುಡಿಯಲ್ಲೇ ಕಳಿಸಿ’ ಎಂದು ಹಿಂದಿರುಗಿಸಿತು. ಯೂನಿಕೋಡನ್ನು ಮರಳಿ ವೇಷಕ್ಕೆ ಇಳಿಸಿ ಕಳಿಸಿದೆ. ಒತ್ತಕ್ಷರಗಳಲ್ಲಿ ಮೂರು ಕಡೆ ಗಾಯವಾಯಿತು.

ಸ್ವತಂತ್ರ ತಂತ್ರಾಂಶದ ಗೆಳೆಯರಿಗೂ ಒಂದು ಮಾತು ಹೇಳಬೇಕು. ದತ್ತಾಂಶ ನಿಮ್ಮ ಮನೆಯ ಡಿಸ್ಕಿನಲ್ಲಿರಲಿ, ಗೂಗಲ್‌ಗೆ ಕೊಡಬೇಡಿ ಎನ್ನುತ್ತೀರಿ. ಒಪ್ಪಿದೆ, ಖಾತೆ ಮುಚ್ಚಿದರೆ ಬಾಡಿಗೆದಾರ ಬೀದಿಗೆ. ಆದರೆ ಗೂಗಲ್ ಡಾಕ್ಸ್‌ನಲ್ಲಿ ಬರೆದ ಕನ್ನಡವನ್ನು ಇವತ್ತು ಇಳಿಸಿಕೊಂಡರೆ ಯಾವ ಯಂತ್ರದಲ್ಲೂ ಓದಬಹುದು, ಹುಡುಕಬಹುದು. ನನ್ನದೇ ಕಪಾಟಿನ ಸಿಡಿಯಲ್ಲಿರುವ ಹಳೆಯ ನುಡಿ ಕಡತ ಮಾತ್ರ ಫಾಂಟು ಕಳೆದರೆ ನನಗೇ ಬಾಯಿ ಬಿಡುವುದಿಲ್ಲ. ಕಡತ ಎಲ್ಲಿದೆ ಎನ್ನುವಷ್ಟೇ, ಅದನ್ನು ಯಾರು ಯಾರು ಓದಬಲ್ಲರು ಎನ್ನುವುದೂ ಒಡೆತನದ ಪ್ರಶ್ನೆಯೇ.

ಓದುವಂತಾದರೆ ಏನಾಗುತ್ತದೆಂಬುದಕ್ಕೆ ‘ವಚನ ಸಂಚಯ’ ಕಣ್ಣೆದುರಿಗಿದೆ. 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ವಿದ್ಯಾರ್ಥಿಯೊಬ್ಬಳು ಕ್ಷಣದಲ್ಲಿ ನೋಡಬಲ್ಲಳು. ಹಿಂದೆ ಅದು ವರ್ಷಗಳ ಕೆಲಸ.

ಇನ್ನೊಂದು ಬದಿಯಲ್ಲಿ ಶೋಧಗಂಗಾ. ಅಲ್ಲಿರುವ ಕನ್ನಡ ಪ್ರಬಂಧಗಳಲ್ಲಿ ನುಡಿಯಲ್ಲಿ ಸಿದ್ಧವಾದ ಪಿಡಿಎಫ್ ಒಂದನ್ನು ತೆರೆದು, ಒಂದು ಸಾಲು ನಕಲು ಮಾಡಿ, ಬೇರೆಡೆ ಅಂಟಿಸಿ ನೋಡಿ. ಬರುವುದು ರೋಮನ್ ಚಿಹ್ನೆಗಳ ಕಲಸುಮೇಲೋಗರ. ಆ ಸಾಲನ್ನು ಉಲ್ಲೇಖಿಸಬೇಕೆಂದರೆ ಪರದೆ ನೋಡಿಕೊಂಡು ಅಕ್ಷರ ಅಕ್ಷರ ಮತ್ತೆ ಟೈಪಿಸಬೇಕು. ನಾನೀಗ ಮಾಡುತ್ತಿರುವುದು ಅದನ್ನೇ. ಎರಡನೇ ಅಧ್ಯಾಯ ಮುಗಿಯುತ್ತ ಬಂತು.