ಜವಳಿ ಮನೆತನದ ಹಿರಿಯರನ್ನು ಅಳೆಯುವ ಬಗೆ

ಜವಳಿ ಮನೆತನದ ಹಿರಿಯರೊಬ್ಬರು ತುಂಬು ಬಾಳು ಬದುಕಿ ತೀರಿಕೊಂಡರೆ ನುಡಿನಮನಗಳೆಲ್ಲ ಒಂದೇ ಅಚ್ಚಿನಲ್ಲಿ ಬರುತ್ತವೆ: ಬರಿಗೈಲಿ ಶುರು ಮಾಡಿದರು, ಅಂಗಡಿ ಬೆಳೆಸಿದರು, ಮಕ್ಕಳ ಕೈಗೆ ಒಪ್ಪಿಸಿದರು. ನಮ್ಮ ಕಲಬುರಗಿ ಜಿಲ್ಲೆಯ ದಂಡೋತಿ, ಚಿತ್ತಾಪುರ, ಸೇಡಂ ಕಡೆಯ ಪುಣ್ಯಸ್ಮರಣೆಯ ಬ್ಯಾನರುಗಳ ಧಾಟಿಯೂ ಇದೇ. ಜವಳಿಯ ಆಚೆಗೂ ಹೀಗೆಯೇ: 1960ರಲ್ಲಿ ಗಂಡ ತೀರಿಕೊಂಡ ಮೇಲೆ ಅವರ ಪಾದರಕ್ಷೆಯ ಉದ್ಯಮ ಕೈಗೆತ್ತಿಕೊಂಡು, ಆರು ಮಕ್ಕಳೊಂದಿಗೆ ಅದನ್ನು ಬೆಳೆಸಿ, 2018ರಲ್ಲಿ 96ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದ ಇಟಲಿಯ ವಾಂಡಾ ಫೆರಗಾಮೊ ಅವರ ಸ್ಮರಣೆಯೂ ಬಹುಪಾಲು ಮನೆತನದ ಕಥೆಯೇ. ಇಂಥ ಕಥೆಗಳಲ್ಲಿ ಸುಳ್ಳಿಲ್ಲ, ಆದರೆ ಇರುವುದು ಅರ್ಧ ಸತ್ಯ. ಬಟ್ಟೆಯ ವ್ಯಾಪಾರ ನೇಯುವವರ ದುಡಿಮೆಯ ಮೇಲೆ ನಿಂತದ್ದು. ವ್ಯಾಪಾರಿಯ ಬಾಳನ್ನು ಆ ಮಗ್ಗಗಳ ಬಳಿಯೂ ನಿಂತು ಅಳೆಯಬೇಕು.

ಈ ಅಳತೆಗೆ ನಿಲ್ಲುವ ಕನ್ನಡನಾಡಿನ ಉದಾಹರಣೆ ಬೆಂಗಳೂರಿನ ಕೈಮಗ್ಗದ ಸೀರೆಗಳ ಮಳಿಗೆ ವಿಮೋರ್. ಕೊಡಗು ಮೂಲದ ಚಿಮ್ಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ಇದನ್ನು ಶುರು ಮಾಡಿದರು. ದೇವಿಗೆ ಹರಕೆಯಾಗಿ ಬಂದು ದೇವಸ್ಥಾನಗಳಲ್ಲಿ ಹರಾಜಾಗುತ್ತಿದ್ದ ಹಳೆಯ ಸೀರೆಗಳನ್ನು ಅವರು ಕೊಂಡರು. ಸನ್ನತಿಯ ಚಂದ್ರಲಾಂಬೆಗೆ ಸೀರೆ ಒಪ್ಪಿಸುವ ನಮ್ಮ ಭಾಗದವರಿಗೆ ಅಂಥ ಸೀರೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ತಾಯಿ-ಮಗಳು ಆ ಸೀರೆಗಳ ಅಂಚು, ಬುಟ್ಟಾ, ಸೆರಗಿನ ಲೆಕ್ಕವನ್ನು ಬಿಡಿಸಿ ನೋಡಿ ನೇಕಾರರ ಕೈಗೆ ಮರಳಿ ಕೊಟ್ಟರು. ಈ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಇಳಕಲ್ ಸೀರೆಯನ್ನೇ ನೋಡಬಹುದು. ಅಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಇಂಥ ಜಾಣ್ಮೆ ಒಂದು ತಲೆಮಾರು ಕೈತಪ್ಪಿದರೆ ಪುಸ್ತಕ ಓದಿ ಮರಳಿ ಪಡೆಯಲಾಗದು. ವಿಮೋರ್ ವಿನ್ಯಾಸಗಳಿಗೆ ಹಕ್ಕುಸ್ವಾಮ್ಯದ ಬೇಲಿ ಹಾಕಲಿಲ್ಲ. ನೇಕಾರರು ಅವನ್ನು ಬೇರೆಯವರಿಗೂ ನೇಯ್ದು ಮಾರಬಹುದು.

ವಿನ್ಯಾಸ ಬಿಟ್ಟುಕೊಟ್ಟರೆ ವ್ಯಾಪಾರ ಉಳಿದೀತೇ ಎಂದು ಕೇಳುವವರಿದ್ದಾರೆ. ವಿಮೋರ್ ಐದು ದಶಕ ನಡೆದು ಬಂದಿರುವುದೇ ಇದಕ್ಕೆ ಉತ್ತರ. ಒಬ್ಬನೇ ಸಾಹುಕಾರನನ್ನು ನಂಬಿದ ನೇಕಾರ ಆ ಸಾಹುಕಾರನ ಬೇಡಿಕೆ ನಿಂತ ದಿನ ಮಗ್ಗ ಬಿಟ್ಟು ಕೂಲಿಗೆ ಹೋಗುತ್ತಾನೆ. ನಾಲ್ಕು ಕಡೆ ಮಾರಬಲ್ಲವನ ಮಗ್ಗ ಆಡುತ್ತಿರುತ್ತದೆ, ಮುಂದಿನ ವರ್ಷವೂ ವ್ಯಾಪಾರಿಗೆ ಪಳಗಿದ ಕೈ ಸಿಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: 2019ರಲ್ಲಿ ತೆರೆದ ವಿಮೋರ್‌ನ ಜವಳಿ ಸಂಗ್ರಹಾಲಯವೂ ಕಡೆಗೆ ಮನೆತನವೇ ತನ್ನ ಬಗ್ಗೆ ಹೇಳಿಕೊಳ್ಳುವ ಕಥೆಯಲ್ಲವೇ? ಆ ಅಪಾಯ ಇದ್ದೇ ಇದೆ. ಆದರೆ ಹೊಗಳಿಕೆಯ ಮಾತನ್ನು ಪರೀಕ್ಷಿಸಲಾಗದು. ಸೀರೆಯನ್ನು ಬಿಡಿಸಿ, ಅಂಚು ಮುಟ್ಟಿ, ನೇಯ್ಗೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಅಂಥ ಸಂಗ್ರಹ ಎಲ್ಲೇ ಇರಲಿ, ಪ್ರತಿ ಸೀರೆಯ ಪಕ್ಕದಲ್ಲಿ ನೇಯ್ದವರ ಹೆಸರು, ಊರು ಇದ್ದಾಗಲೇ ಅದು ಪೂರ್ಣ.

ಹಾಗಾಗಿ ಚಿಮ್ಮಿ ನಂಜಪ್ಪ ಅವರ ಬಾಳಿನ ಹಿರಿಮೆ ವರ್ಷಗಳ ಎಣಿಕೆಯಲ್ಲಿಲ್ಲ, ಅವರು ಮರಳಿ ಕೊಟ್ಟ ವಿದ್ಯೆಯಲ್ಲಿದೆ. ನಮ್ಮ ಕಡೆಯ ಜವಳಿ ಮನೆತನಗಳಲ್ಲಿ ಒಂದು ವಿನಂತಿ: ಹಿರಿಯರ ಪುಣ್ಯಸ್ಮರಣೆಗೆ ಬ್ಯಾನರು ಹಾಕಿಸುವಾಗ ಅವರು ಯಾವ ಊರಿನ, ಯಾವ ನೇಕಾರರಿಂದ ಸೀರೆ ತರಿಸುತ್ತಿದ್ದರು ಎಂಬುದನ್ನೂ ಬರೆದಿಡಿ. ಹಳೆಯ ಖಾತೆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ.