ಹಿಮದ ಮೇಲೆ ಕೇಳಿಸದ ಕೂಗು

ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ (1922) ಹಡ್ಸನ್ ಕೊಲ್ಲಿಯ ಹಿಮಬಯಲಿನಲ್ಲಿ ತೆಗೆದ ಮೂಕಿ ಚಿತ್ರ. ಸಾಕ್ಷ್ಯಚಿತ್ರಗಳಿಗೆಲ್ಲ ಅದೇ ಮೂಲವೆಂದು ಇಂದಿಗೂ ಪಾಠ ಒಪ್ಪಿಸುವವರಿದ್ದಾರೆ. ಚಿತ್ರದ ನಾಯಕ ನಾನೂಕ್‌ನ ನಿಜವಾದ ಹೆಸರು ಅಲ್ಲಕಾರಿಯಲ್ಲಾಕ್, ಬೆಳಕು ಸಾಲದೆಂದು ಇಗ್ಲೂವನ್ನು ಅರ್ಧ ಮಾತ್ರ ಕಟ್ಟಿಸಿದ್ದರು, ದುಡ್ಡು ಹಾಕಿದ್ದು ತುಪ್ಪಳದ ವ್ಯಾಪಾರಿಗಳು ಎಂಬ ಆಪಾದನೆಗಳೆಲ್ಲ ಹಳೆಯವು. ನೋಡಬೇಕಾದ್ದು ಸೀಲ್ ಬೇಟೆಯನ್ನು. ಮಂಜುಗಡ್ಡೆಯ ತೂತಿಗೆ ಈಟಿ ಹೊಡೆದ ನಾನೂಕ್ ಹಗ್ಗ ಜಗ್ಗುತ್ತಾನೆ, ಜಾರುತ್ತಾನೆ, ಮಗುಚಿ ಬೀಳುತ್ತಾನೆ, ಎದ್ದು ಮತ್ತೆ ಜಗ್ಗುತ್ತಾನೆ. ಹಗ್ಗದ ಇನ್ನೊಂದು ತುದಿ ಇದ್ದದ್ದು ಚೌಕಟ್ಟಿನಾಚೆ ನಿಂತ ಮನುಷ್ಯರ ಕೈಯಲ್ಲಿ. ಕೊನೆಗೆ ಮೇಲೆ ಬರುವ ಸೀಲ್ ಮೊದಲೇ ಸತ್ತದ್ದು. ಫ್ರೆಂಚ್ ಸಿನಿಮಾ ವಿಮರ್ಶಕ ಆಂದ್ರೆ ಬಜಾನ್ ಇಲ್ಲಿ ಮೆಚ್ಚಿದ್ದು ಬೇಟೆಗಾರ ಕಾಯುವ ಹೊತ್ತನ್ನು ಕತ್ತರಿಸದೆ ತೋರಿಸಿದ ರೀತಿಯನ್ನು. ಚಿತ್ರವನ್ನು ಇನ್ನೊಮ್ಮೆ ನೋಡಿ: ಕಾಯುವುದು ಬೇಗ ಮುಗಿಯುತ್ತದೆ, ಲಂಬಿಸುವುದು ಜಗ್ಗಾಟವೇ. ಬಜಾನ್ ತನ್ನ ಸಿದ್ಧಾಂತವನ್ನು ನೋಡಿದ. ಅವನ ಹಿಂದೆ ಬಂದವರು ಬಜಾನ್‌ನನ್ನು ನೋಡಿದರು.

ವಾಲ್ರಸ್ ಬೇಟೆಯ ಮಾತು ಬೇರೆ. ಅಲ್ಲಿ ಪ್ರಾಣಿ ನಿಜ, ಅಪಾಯವೂ ನಿಜ. ಬಂದೂಕು ಬಳಕೆಗೆ ಬಂದಿದ್ದರೂ ಈಟಿ ಹಿಡಿಸಲಾಗಿತ್ತು. ಗುಂಡು ಹೊಡೆ ಎಂದು ಬೇಟೆಗಾರರು ಕೂಗಿಕೊಂಡಾಗ ಅರ್ಥವಾಗದವನಂತೆ ನಟಿಸಿ ಕ್ಯಾಮೆರಾ ತಿರುಗಿಸುತ್ತಲೇ ಇದ್ದುದನ್ನು ಫ್ಲಾಹರ್ಟಿಯೇ ಹೇಳಿಕೊಂಡಿದ್ದಾನೆ. ಮೂಕಿಯಾದ್ದರಿಂದ ಆ ಕೂಗು ನಮ್ಮನ್ನು ಮುಟ್ಟುವುದೇ ಇಲ್ಲ. ಚಿತ್ರ ಸತ್ಯವೆಂದು ನಂಬಿಸುವುದು ಹಿಮವಲ್ಲ, ಈ ಮೌನ.

ಕಟ್ಟಿ ಹೇಳದ ಕಲೆ ಯಾವುದಿದೆ ಎಂದು ಕೇಳಬಹುದು. ಯಾವುದೂ ಇಲ್ಲ. ಮೂಡಿಗೆರೆಯ ಕಾಡನ್ನು ಬಲ್ಲ ಓದುಗರಿಗೆ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ (1980) ಕಟ್ಟುಕಥೆಯೆಂದು ಹೇಳಬೇಕಾಗಿಲ್ಲ. ಆದರೆ ಅದರಲ್ಲಿನ ಹಾರುವ ಓತಿಗೆ ಎಲ್ಲರ ಕೈತಪ್ಪಿಸಿ ತೇಲಿಹೋಗುವ ಸ್ವಾತಂತ್ರ್ಯವಿತ್ತು. ಫ್ಲಾಹರ್ಟಿಯ ಸೀಲ್‌ಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಸಾಹಸಕ್ಕೆ ಸೋಲುವ ಸಾಧ್ಯತೆಯಾದರೂ ಬೇಡವೇ?

ಮೌನ ಕೈಬಿಟ್ಟ ಮೇಲೆ ಏನಾಯಿತೆಂಬುದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. 1935ರಲ್ಲಿ ಇಲ್ಲಿಗೆ ಬಂದ ಫ್ಲಾಹರ್ಟಿ, ಕಾರಾಪುರದ ಹುಡುಗ ಸಾಬುವನ್ನು ನಾಯಕನನ್ನಾಗಿಸಿ ‘ಎಲಿಫೆಂಟ್ ಬಾಯ್’ ತೆಗೆದ. ಹುಡುಗನೂ ಆನೆಯೂ ಮಾತಿಲ್ಲದೆ ಜೊತೆಗಿರುವಷ್ಟು ಹೊತ್ತು ಚಿತ್ರ ನಮ್ಮನ್ನು ಹಿಡಿದಿಡುತ್ತದೆ. ಇಂಗ್ಲೆಂಡಿನ ಡೆನಮ್ ಸ್ಟುಡಿಯೋದ ಇಂಗ್ಲಿಷ್ ಸಂಭಾಷಣೆ ಶುರುವಾದೊಡನೆ ಸಡಿಲವಾಗುತ್ತದೆ. ವಿಮರ್ಶಕರು ಇದಕ್ಕೆ ಆ ಭಾಗ ತೆಗೆದ ಝೋಲ್ಟನ್ ಕೊರ್ಡಾನನ್ನು ದೂರುತ್ತಾರೆ. ಅರ್ಧ ನ್ಯಾಯ ಅಷ್ಟೆ: ತಾನು ಚಿತ್ರಿಸುವ ಜನ ಬಾಯಿಬಿಟ್ಟರೆ ಏನು ಮಾಡಬೇಕೆಂಬುದು ಫ್ಲಾಹರ್ಟಿಗೂ ಹೊಳೆದಿರಲಿಲ್ಲ. ವೆನಿಸ್ ಚಿತ್ರೋತ್ಸವ 1937ರಲ್ಲಿ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಕೊಟ್ಟಿತು. ನಮ್ಮ ಫಿಲ್ಮ್ ಸೊಸೈಟಿಗಳು ಎರಡೂ ಚಿತ್ರಗಳನ್ನು ಒಂದೇ ಸಂಜೆ ತೋರಿಸಲಿ, ‘ನಾನೂಕ್’ ಅನ್ನು ಕಥಾಚಿತ್ರವೆಂದೇ ಪ್ರಕಟಿಸಲಿ.